ತಲೆಯಿಲ್ಲದ ಮೀನು, ಏಳು

“ಬಕೆಟ್‌ನಲ್ಲಿದ್ದವು ಎಲ್ಲಿ?!”

ಮಧುರಾ ಕೂಗಿದ ರೀತಿಗೆ ದೋಣಿ ತೊಳೆಯುತ್ತಿದ್ದ ಜಗದೀಶ ಬೆಚ್ಚಿಬಿದ್ದ. ಅವಳು ಅವನ ದೋಣಿ ಹತ್ತಿ ಕಾಸರಕೋಡಿನ ಮರಳುದಿಣ್ಣೆಗೆ ಬಂದದ್ದು ಅದೇ ಮೊದಲು.

“ನೀರಿಗೆ ಬಿಟ್ಟೆ ಅಕ್ಕೋರೇ. ಮೀನಿನ ಮರಿ ಸಿಕ್ರೆ ಬಿಡೂದು ನಮ್ಮ ಪದ್ಧತಿ.”

“ಅವು ಮರಿ ಅಲ್ಲ! ಬೆಳೆದ ಮೇಲೂ ಅಷ್ಟೇ ಇರ್ತಾವೆ!”

ಅವಳು ಕುಮಟಾದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಮರಳಲ್ಲಿ ಹುದುಗಿರುವ, ಮೀನಿನಂಥ ಆ ಪುಟ್ಟ ಜೀವಿಗಳು ಐದಾದರೂ ಜೀವಂತ ಸಿಕ್ಕರೆ ಅವಳಿಗೆ ಕೊಚ್ಚಿಯಲ್ಲಿ ಮೂರು ವರ್ಷದ ಸಂಶೋಧನೆ. ಸಿಗದಿದ್ದರೆ ಆ ಅವಕಾಶ ಬೇರೆಯವರ ಪಾಲು.

ತಪ್ಪು ಮಾಡಿದವನು ಮರುದಿನದಿಂದ ಸಮುದ್ರದ ಪ್ರತಿ ಇಳಿತಕ್ಕೂ ದೋಣಿ ತಂದ. ಇಬ್ಬರೂ ಮರಳು ಜರಡಿ ಹಿಡಿದರು.

“ಅದಕ್ಕೆ ತಲೆಯೇ ಇಲ್ಲ,” ಎಂದಳು ಒಮ್ಮೆ. “ಬೆನ್ನಲ್ಲೊಂದು ನರದ ಹುರಿ, ಅದರ ಮುಂದಿನ ತುದಿ ಒಂಚೂರು ಉಬ್ಬಿದೆ. ಮೀನು, ಹಕ್ಕಿ, ನಾವು... ಎಲ್ಲರ ಮಿದುಳೂ ಒಂದು ಕಾಲದಲ್ಲಿ ಹಾಗೇ ಶುರುವಾಗಿರಬೇಕು.”

“ಅಷ್ಟರಿಂದ ಇಷ್ಟೆಲ್ಲಾ ತಲೆಬಿಸಿ ಆತಾ?”

ಮಧುರಾ ನಕ್ಕುಬಿಟ್ಟಳು. ಆಮೇಲೆ ಇಳಿತದ ಹೊತ್ತನ್ನು ಅವಳು ಕಾಯತೊಡಗಿದ್ದು ಮೀನಿಗಾಗಿ ಮಾತ್ರವಲ್ಲ. ಅದನ್ನು ಒಪ್ಪಿಕೊಳ್ಳಲು ಇಪ್ಪತ್ತು ದಿನ ಬೇಕಾಯಿತು. ಆ ಇಪ್ಪತ್ತು ದಿನವೂ ಒಂದೂ ಸಿಗಲಿಲ್ಲ.

ಒಂದು ದಿನ ಮೀನು ಮಾರುವ ಸುಬ್ಬಿ ಹೇಳಿದಳು: “ಜಗದೀಶ ದಿನಾ ನಿಮಗಿಂತ ಮುಂಚೆ ಒಬ್ನೇ ದಿಣ್ಣೆಗೆ ಹೋಗ್ತಾ ಇರ್ತಾನೆ. ಎಂತಕ್ಕೋ!”

ಮಧುರಾಗೆ ಅನುಮಾನ ಹುಟ್ಟಿತು. ನಾನು ಕೊಚ್ಚಿಗೆ ಹೋಗಬಾರದೆಂದು ಸಿಕ್ಕಿದ್ದನ್ನೆಲ್ಲಾ ನೀರಿಗೆ ಬಿಡುತ್ತಿದ್ದಾನಾ?!

ಮರುದಿನ ನಸುಕಿನಲ್ಲೇ ಬೇರೆ ದೋಣಿ ಹಿಡಿದು ಹೋದಳು. ಜಗದೀಶ ಮೊಣಕಾಲೂರಿ ಕುಳಿತಿದ್ದ.

“ಎಷ್ಟು ದಿನದಿಂದ ಮೋಸ ಮಾಡ್ತಿದ್ದೀರಿ?!”

ಅವನು ಬಕೆಟ್ ಮುಂದಿಟ್ಟ. ತಿಳಿನೀರಿನಲ್ಲಿ ಗಾಜಿನ ಚೂರುಗಳಂತೆ ಏಳು ಜೀವಿಗಳು ಮಿಸುಕಾಡುತ್ತಿದ್ದವು.

“ನಾ ಬಿಟ್ಟದ್ದು. ನಾನೇ ಹುಡುಕಿ ಕೊಡ್ಬೇಕಲ್ಲ... ಇವತ್ತು ಸಿಕ್ಕಿದ್ವು. ಇನ್ನು ನೀವು ಹೊರಡ್ಬಹುದು.”

ಕೊನೆಯ ಮಾತನ್ನು ಅವನು ಮರಳು ನೋಡುತ್ತಾ ಹೇಳಿದ. ಮಧುರಾಗೆ ತನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು.

“ಜಗದೀಶ... ನಾನು ಹೋಗೋದು ನಿಮಗೆ ಬೇಕಾ?”

“ಬೇಡ.” ಅವನು ತಲೆ ಎತ್ತಲಿಲ್ಲ. “ಆದ್ರೆ ನನ್ನಿಂದಾಗಿ ನೀವು ನಿಲ್ಲೂದೂ ಬೇಡ.”

ಅವಳು ಒದ್ದೆ ಮರಳಿನ ಮೇಲೆ ಅವನ ಪಕ್ಕದಲ್ಲೇ ಕುಳಿತಳು.

“ಹೋಗ್ತೇನೆ. ಆದರೆ ನೀವಂದ್ರೆ ನನಗೆ ಇಷ್ಟ. ಮೂರು ವರ್ಷ ಕಾಯ್ತೀರಾ?”

“ಇಲ್ಲ.”

ಅವಳ ಮುಖ ಬಾಡಿತು.

“ಸುಮ್ನೆ ಕೂತು ಎಂತಕ್ಕೆ ಕಾಯೂದು?” ಎಂದ ಜಗದೀಶ. “ಕೊಚ್ಚಿಯಲ್ಲೂ ದೋಣಿ ಇದೆಯಲ್ಲ. ನಾನೂ ಬರ್ತೆ.”