ಕೇಕಿನ ಟೋಪಿ

“ಆ ಡಬ್ಬ ಒಳಗೆ ಹೋಗಲ್ಲ.”

ಅವಳು ತಲೆಯೆತ್ತಿ ನೋಡಿದಳು. ವಾರ್ಡಿನ ಬಾಗಿಲಿಗೆ ಅಡ್ಡವಾಗಿ ಒಬ್ಬ ನಿಂತಿದ್ದ. ಡಾಕ್ಟರಲ್ಲ. ಡಾಕ್ಟರಾಗಿದ್ದರೆ ಎರಡು ಮಾತಿನಲ್ಲಿ ಸೋಲಿಸಿಬಿಡುತ್ತಿದ್ದಳು. ಬಿಳಿ ಏಪ್ರನ್, ಸುಸ್ತಾದ ಕಣ್ಣು, ಕೊಲೆ ಮಾಡಿ ನೇರ ಇಲ್ಲಿಗೇ ಬಂದವನ ಹಾಗೆ ಕೆಂಪು ಕೆಂಪು ಬೆರಳುಗಳು.

“ನೀವ್ಯಾರು ಕೇಳೋಕೆ?”

“ಇಲ್ಲಿನ ಅಡುಗೆಯವನು. ಈ ವಾರ್ಡಿನವರ ಊಟ ನನ್ನ ಜವಾಬ್ದಾರಿ.”

“ಒಳಗೆ ಮಲಗಿರೋದು ನಮ್ಮಪ್ಪ. ಅವರು ನನ್ನ ಜವಾಬ್ದಾರಿ! ಜೀವಮಾನವೆಲ್ಲ ಊರಿಗೆ ಕೇಕ್ ತಿನ್ನಿಸಿದ ಮನುಷ್ಯ, ಇಲ್ಲಿ ನಿಮ್ಮ ಸಪ್ಪೆ ಸೂಪು ಕುಡೀತಾ...”

ಅವಳು ಡಬ್ಬವನ್ನು ಎದೆಗೊತ್ತಿಕೊಂಡಳು.

“ಅವರ ರಕ್ತದಲ್ಲಿರೋ ಸಕ್ಕರೇಲಿ ಇನ್ನೊಂದು ಬೇಕರಿ ತೆರೀಬಹುದು ಮೇಡಂ,” ಎಂದನವನು, ಸ್ವಲ್ಪ ಮೆತ್ತಗಾಗಿ. “ಡಬ್ಬ ಇಲ್ಲಿಡಿ. ಹೋಗ್ತಾ ತಗೊಂಡು ಹೋಗಿ.”

ಹೋಗುವಾಗ ಡಬ್ಬ ತೆರೆದು ನೋಡಿದರೆ ಕೇಕಿನ ಒಂದು ತುಂಡು ಮಾಯ!

“ಕದ್ದು ತಿಂದ್ರಾ?”

“ರುಚಿ ನೋಡ್ದೆ. ತುಂಬಾ ಚೆನ್ನಾಗಿದೆ.”

“ಚೆನ್ನಾಗಿದ್ರೆ ಬಿಡೋಕೇನಾಗಿತ್ತು?”

“ಚೆನ್ನಾಗಿದೆ ಅಂತಲೇ ಬಿಡಲಿಲ್ಲ. ಕೆಟ್ಟದಾಗಿದ್ದಿದ್ರೆ ಖಂಡಿತ ಒಳಗೆ ಬಿಡ್ತಿದ್ದೆ. ಒಂದು ತುತ್ತು ತಿಂದು ಅವರೇ ಪಕ್ಕಕ್ಕಿಡ್ತಿದ್ರು. ಇದನ್ನ... ಯಾರೂ ಪಕ್ಕಕ್ಕಿಡಲ್ಲ.”

ಬೈಗುಳಕ್ಕೆ ಉತ್ತರ ಕೊಡುವುದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸ. ಹೊಗಳುತ್ತಲೇ ಬಾಗಿಲು ಹಾಕುವವನಿಗೆ ಏನು ಹೇಳಬೇಕೆಂಬುದು ಮಾತ್ರ ತಿಳಿಯಲಿಲ್ಲ. ಡಬ್ಬ ಎತ್ತಿಕೊಂಡು ದುಡುದುಡು ನಡೆದಳು. ಬಸ್ಸಿನಲ್ಲಿ ಕೂತ ಮೇಲೂ ಕೆನ್ನೆ ಬಿಸಿಯಾಗಿಯೇ ಇತ್ತು.

ಸಿಟ್ಟಿಗೆ... ಎಂದುಕೊಂಡಳು.

ಅಪ್ಪ ಮನೆಗೆ ಬಂದರು. ಅವರ ಹಿಂದೆಯೇ, ಒಂದು ಮಧ್ಯಾಹ್ನ, ಅವನೂ ಅವರ ಬೇಕರಿಗೆ ಬಂದ. ಹೆಗಲ ಚೀಲದಲ್ಲಿ ಬೀಟ್‌ರೂಟ್, ಕಪ್ಪು ಬೀನ್ಸ್ ಕಾಳು, ಒಂದು ಹೋಳು ಸಿಹಿಗುಂಬಳ.

ಗಲ್ಲಾಪೆಟ್ಟಿಗೆಯ ಹಿಂದೆ ಅವಳ ಅತ್ತೆ ಕೂತಿದ್ದರು. ಅಪ್ಪನ ತಂಗಿ. ಬೇಕರಿಯಲ್ಲಿ ಬ್ರೆಡ್ ಕತ್ತರಿಸಲು ಮೆಷಿನ್ನಿತ್ತು, ಗಿರಾಕಿಗಳನ್ನು ಕತ್ತರಿಸಲು ಅತ್ತೆಯಿದ್ದರು.

“ಏನಪ್ಪಾ, ದಾರಿ ತಪ್ಪಿ ಬಂದ್ಯಾ? ತರಕಾರಿ ಮಾರ್ಕೆಟ್ಟು ಆ ಕಡೆ.”

“ಇಲ್ಲಮ್ಮಾ. ನಿಮ್ಮ ಓವನ್ ಕೇಳೋಕೆ ಬಂದೆ. ಸಕ್ಕರೆ ತಿನ್ನಬಾರದವರೂ ತಿನ್ನೋ ಹಾಗೆ ಒಂದು ಕೇಕ್ ಮಾಡಿ ನೋಡ್ಬೇಕು. ಆಸ್ಪತ್ರೆ ಓವನ್ನಲ್ಲಿ ಏನಿಟ್ಟರೂ ಮೀನಿನ ವಾಸನೆ.”

ಅವಳು ಕೈಯಿಂದ ಹಿಟ್ಟು ಕೊಡವುತ್ತಾ ಹೊರಗೆ ಬಂದಳು. ಏನೂ ಹೇಳದೆ ತಲೆಯ ಮೇಲಿನ ಬೋರ್ಡು ತೋರಿಸಿದಳು. ಅಪ್ಪ ತಮ್ಮ ಕೈಯಾರೆ ಬರೆದದ್ದು: ‘ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ. ಬೇರೇನೂ ಇಲ್ಲ.’

“ಓದಿದ್ರಾ?”

“ಓದ್ದೆ. ಇದನ್ನ ಬರೆದವರೇ ಈಗ ಇದನ್ನ ತಿನ್ನೋ ಹಾಗಿಲ್ಲವಲ್ಲ ಮೇಡಂ.”

ಅವಳಿಗೆ ಚುರುಕ್ಕೆಂದಿತು.

“ನೋಡಿ, ಸಿಹಿ ಅನ್ನೋದು ಮನಸ್ಸಿಗೆ. ಊಟದಲ್ಲಿ ಸೊಪ್ಪು ತರಕಾರಿ ತಿಂದು ಸಾಕಾಗಿ ಮನುಷ್ಯ ಕೇಕಿನ ಹತ್ರ ಓಡಿ ಬರ್ತಾನೆ. ಅಲ್ಲೂ ಬೀಟ್‌ರೂಟೇ ಕಾಲು ಚಾಚಿ ಕೂತಿದ್ರೆ ಅವನು ಎಲ್ಲಿಗೆ ಹೋಗ್ಬೇಕು?”

“ಮನಸ್ಸಿಗೆ ಬೇಕು, ಮೈಗೆ ಆಗಲ್ಲ ಅನ್ನೋರು? ಅವರು ಅಂಗಡಿ ಗಾಜಿನ ಹೊರಗೇ ನಿಂತಿರಬೇಕಾ?”

“ನಿಜವಾದದ್ದನ್ನೇ ಒಂದು ತೆಳು ತುಂಡು ತಿನ್ನಲಿ.”

“ನಿಮ್ಮ ಕೇಕನ್ನ ತೆಳು ತುಂಡಿಗೆ ನಿಲ್ಲಿಸೋ ಕೈ ನಂಗಂತೂ ಇಲ್ಲ. ಆವತ್ತೇ ಗೊತ್ತಾಯ್ತು.”

ಅತ್ತೆ ಗಲ್ಲಾಪೆಟ್ಟಿಗೆಯೊಳಗೆ ಮುಖ ಹುದುಗಿಸಿ ನಕ್ಕರು. “ಓವನ್ ಹೇಗೂ ಮಧ್ಯಾಹ್ನ ಖಾಲಿ ಕಣೇ. ಮಾಡ್ಕೊಳ್ಳಲಿ ಬಿಡು, ಈ ಬೀಟ್‌ರೂಟು.”

ಅಂದಿನಿಂದ ಅವನ ಹೆಸರು ಬೀಟ್‌ರೂಟ್ ಆಯಿತು.

ಅವಳು ಒಂದೇ ಒಂದು ಷರತ್ತು ಹಾಕಿದಳು. “ಏನು ಬೇಕಾದ್ರೂ ಹಾಕಿ. ಆದ್ರೆ ತಿನ್ನೋರಿಗೆ ಹೇಳಿ ಹಾಕಿ. ಈ ಅಂಗಡೀಲಿ ಮುಚ್ಚಿಟ್ಟು ತಿನ್ನಿಸೋದಿಲ್ಲ.”

“ಮಾತು ಕೊಟ್ಟೆ,” ಎಂದನವನು.

ಆ ಬೇಕರಿಯಲ್ಲಿ ಅಪ್ಪ ಹಾಕಿದ ಒಂದು ಕಟ್ಟುಪಾಡಿತ್ತು. ಬೆಂದ ಕೇಕಿನ ನೆತ್ತಿ ಉಬ್ಬಿರುತ್ತದೆ; ಮೇಲೆ ಕ್ರೀಮು ಬಳಿಯುವ ಮೊದಲು ಆ ಉಬ್ಬನ್ನು ಮಟ್ಟಸವಾಗಿ ಕೊಯ್ದು ತೆಗೆಯಬೇಕು. ಅದಕ್ಕೆ ಮನೆಯಲ್ಲಿ ‘ಟೋಪಿ’ ಎನ್ನುತ್ತಿದ್ದರು. ತಾನು ಮಾಡಿದ ಕೇಕಿನ ಟೋಪಿಯನ್ನು ತಾನು ತಿನ್ನಬಾರದು. ಸ್ವಂತ ನಾಲಿಗೆ ಸ್ವಂತ ಕೈಯನ್ನು ಯಾವಾಗಲೂ ವಹಿಸಿಕೊಂಡು ಬರುತ್ತದೆ ಎಂಬುದು ಅಪ್ಪನ ವಾದ. ಬೇರೊಬ್ಬರು ತಿಂದು, ಮುಖ ನೋಡಿ ನಿಜ ಹೇಳಬೇಕು. ಅವಳ ಟೋಪಿಗಳನ್ನೆಲ್ಲ ಅಪ್ಪನೇ ತಿನ್ನುತ್ತಿದ್ದರು. ಈಗ ಅವರು ತಿನ್ನುವಂತಿಲ್ಲ. ಅತ್ತೆಗೆ ಸಿಹಿ ಕಂಡರೇ ಆಗದು.

ಹಾಗಾಗಿ ಅವಳ ಟೋಪಿ ಬೀಟ್‌ರೂಟಿಗೆ ಹೋಯಿತು. ಬೀಟ್‌ರೂಟಿನ ಟೋಪಿ ಅವಳಿಗೆ ಬಂತು.

“ಹೇಗಿದೆ?” ಅವನು ಪರೀಕ್ಷೆ ಬರೆದವನಂತೆ ಕಾಯುತ್ತಿದ್ದ.

“ಪಾತ್ರೆ ತೊಳೆಯೋ ಸ್ಪಂಜು ಅಗಿದ ಹಾಗಿದೆ.”

ಅದು ಸಿಹಿಗುಂಬಳ. ಮರುವಾರ ಬೆಣ್ಣೆಯ ಬದಲು ಬೆಣ್ಣೆಹಣ್ಣು ಹಾಕಿದ. ಒಳಗೆಲ್ಲ ಪಾಚಿಯ ಬಣ್ಣ.

“ಹೆಸರಲ್ಲಾದ್ರೂ ಬೆಣ್ಣೆ ಇದೆಯಲ್ಲ ಮೇಡಂ...”

“ಮೇಡಂ ಅನ್ನೋದು ಬಿಡಿ. ಅರ್ಧ ಆ ಮಾತಿಗೇ ಕೇಕ್ ಕೆಡ್ತಿದೆ.”

ಅವನು ಗಟ್ಟಿಯಾಗಿ ನಕ್ಕ. ಮಧ್ಯಾಹ್ನಗಳು ಚಿಕ್ಕದಾಗತೊಡಗಿದವು.

ಅವಳು ಸಕ್ಕರೆಯನ್ನು ಅಪ್ಪನ ಹಳೆಯ ತಗಡಿನ ಮಗ್ಗಿನಲ್ಲಿ ಅಳೆಯುತ್ತಿದ್ದಳು, ಶಿಖರ ಬರುವ ಹಾಗೆ. ಅವನು ಪಕ್ಕದಲ್ಲಿದ್ದಾಗಲೆಲ್ಲ, ಮಗ್ಗು ಅರ್ಧ ತುಂಬುವಷ್ಟರಲ್ಲೇ ಅದರ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. “ಸಾಕು.” ಅವಳು ಆ ಕೈಯನ್ನು ತಳ್ಳಿ ಮತ್ತಷ್ಟು ಸುರಿಯುತ್ತಿದ್ದಳು. ತಳ್ಳುವುದಕ್ಕೆ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅವಳ ಬೆರಳು ಆ ಕೆಂಪು ಬೆರಳುಗಳ ಮೇಲೆ ನಿಲ್ಲುತ್ತಿತ್ತು. ಇಬ್ಬರೂ ಅದನ್ನು ಗಮನಿಸದವರಂತೆ ಇರುತ್ತಿದ್ದರು. ಗಮನಿಸದಿರಲು ಇಬ್ಬರೂ ಬಹಳ ಕಷ್ಟಪಡುತ್ತಿದ್ದರು.

ಕೊನೆಗೊಂದು ದಿನ ಕಾಳು ಮತ್ತು ಬೀಟ್‌ರೂಟಿನ ಚಾಕೊಲೇಟ್ ಕೇಕಿನ ಟೋಪಿ ಬಾಯಿಗಿಟ್ಟವಳು ಮಾತಾಡಲೇ ಇಲ್ಲ. ಮೆತ್ತಗೆ, ಕಪ್ಪಗೆ, ಕೊನೆಯಲ್ಲಿ ಕಿತ್ತಳೆ ಸಿಪ್ಪೆಯ ಘಮ. ಕಿತ್ತಳೆ ಸಿಪ್ಪೆ ತುರಿಯುವುದು ಅವಳ ಕೈಗುಣ. ಅವನು ನೋಡಿ ಕಲಿತಿದ್ದ.

“ಅಷ್ಟು ಕೆಟ್ಟದಾಗಿದ್ಯಾ?”

“ಅಪ್ಪನ ಹುಟ್ಟುಹಬ್ಬಕ್ಕೆ ಇದನ್ನೇ ಮಾಡಿ,” ಎಂದು ಹಿಂದೆ ತಿರುಗಿ ನಿಂತಳು. ಕಣ್ಣು ತುಂಬಿದ್ದನ್ನು ತೋರಿಸುವ ಉದ್ದೇಶ ಅವಳಿಗಿರಲಿಲ್ಲ.

ಹುಟ್ಟುಹಬ್ಬಕ್ಕೆ ಹಳೆಯ ಗಿರಾಕಿಗಳೆಲ್ಲ ಬಂದಿದ್ದರು. ಅಪ್ಪ ಮೊದಲ ತುತ್ತು ತಿಂದು ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಒದ್ದೆ.

“ನೋಡಿದ್ರೇನ್ರಪ್ಪಾ! ನನ್ನ ಮಗಳ ಕೈ! ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ. ಬೇರೇನೂ ಇಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬೀಟ್‌ರೂಟಿನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿದಳು. “ಅಪ್ಪನಿಗೆ ಹೇಳಲೇ ಇಲ್ಲ ಅಲ್ವಾ?”

ಅವನು ಮುಚ್ಚಿದ ಬಾಗಿಲಿನ ಕಡೆ ನೋಡಿದ. ಆಚೆ ಅಪ್ಪ ಗಟ್ಟಿಯಾಗಿ ನಗುತ್ತಿದ್ದರು. ಎಷ್ಟೋ ತಿಂಗಳ ಮೇಲಿನ ನಗು.

“ಮಾತಾಡಿ! ಮಾತು ಕೊಟ್ಟಿದ್ರಿ ನೀವು.”

ಅವನು ಖಾಲಿ ಟ್ರೇಯನ್ನು ಕೈಗೆತ್ತಿಕೊಂಡ.

“ಕಾಯಿಲೆ ಮನುಷ್ಯನಿಗೆ ಸುಳ್ಳು ತಿನ್ನಿಸಿದ್ರಿ. ಅವರ ಬೋರ್ಡಿನ ಕೆಳಗೇ ಕೂರಿಸಿ! ಇನ್ನು ಇಲ್ಲಿಗೆ ಬರಬೇಡಿ.”

ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಹೇಳಲಿಲ್ಲ. ತಾನು ಬಳಸಿದ ಟ್ರೇ ತೊಳೆದ, ಒರೆಸಿದ, ಅದರ ಜಾಗದಲ್ಲಿಟ್ಟ, ಹೋದ. ಟ್ರೇ ಬಿಸಾಕಿ ಹೋಗಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಆಸ್ಪತ್ರೆಯವರು ಅವನನ್ನು ಊರಿನ ಇನ್ನೊಂದು ತುದಿಯ ತಮ್ಮ ಶಾಖೆಗೆ ಕಳಿಸಿದರೆಂದು ಯಾರೋ ಹೇಳಿದರು. ಒಳ್ಳೆಯದಾಯಿತು ಎಂದಳು. ಹಾಗೆಂದು ಬೆಳಗ್ಗೆಯೂ ಸಂಜೆಯೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಳ್ಳೆಯದಾದದ್ದನ್ನು ಅಷ್ಟು ಸಲ ಹೇಳಿಕೊಳ್ಳಬೇಕಾಗಿ ಬರುವುದಿಲ್ಲ.

ಮಧ್ಯಾಹ್ನ ಓವನ್ ತಣ್ಣಗಾಗುವ ಹೊತ್ತು ಬಂದರೆ ಸಾಕು, ಕಿವಿ ತಾನಾಗಿ ಹಿಂಬಾಗಿಲಿನ ಕಡೆ ಹೋಗುತ್ತಿತ್ತು. ಮರದ ಮೇಜಿನ ಮೇಲೆ ಅಂಗೈಯಗಲದ ಒಂದು ಕೆಂಪು ಕಲೆ ಉಳಿದಿತ್ತು. ಮೇಜನ್ನೆಲ್ಲ ಉಜ್ಜಿ ತೊಳೆಯುವವಳು ಅಲ್ಲಿ ಬಂದಾಗ ಬಟ್ಟೆಯನ್ನು ಸುತ್ತು ಹಾಕಿ ಒಯ್ಯುತ್ತಿದ್ದಳು. ಟೋಪಿಗಳನ್ನು ತಿನ್ನುವವರಿಲ್ಲ. ಹಿತ್ತಿಲಿನ ಗುಬ್ಬಿಗಳು ದಪ್ಪಗಾದವು.

ಒಮ್ಮೆ ತರಕಾರಿ ಅಂಗಡಿಯಲ್ಲಿ ಒಂದು ಬೀಟ್‌ರೂಟ್ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತುಬಿಟ್ಟಳು.

“ಎಷ್ಟು ತೂಗಲಿ ಅಕ್ಕಾ?”

“ಬೇಡ... ಸುಮ್ನೆ ನೋಡ್ತಿದ್ದೆ.”

“ಚಿನ್ನದಂಗಡೀಲಿ ಸುಮ್ನೆ ನೋಡೋರಿರ್ತಾರೆ. ಬೀಟ್‌ರೂಟನ್ನ ಸುಮ್ನೆ ನೋಡೋರು ನೀವೇ ಮೊದಲು.”

*ಯಾಕೆ ಒಂದು ಮಾತೂ ಆಡಲಿಲ್ಲ ನೀವು? ಸುಳ್ಳಾದರೂ ಹೇಳಬಹುದಿತ್ತು. ನಾನು ನಂಬುತ್ತಿದ್ದೆನಲ್ಲ...*

ಹೀಗಿರುವಾಗ ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಕೇಕ್ ಕೊಳ್ಳುತ್ತಾ ಕೇಳಿದರು. “ಈಗೀಗ ನಿಮ್ಮ ಕೇಕ್ ಎರಡನೇ ತುಂಡು ತಿಂದ್ರೂ ಮುಖ ಕಟ್ಟಲ್ಲ. ಏನು ಬದಲಾಯಿಸಿದ್ರಮ್ಮಾ?”

“ಏನೂ ಇಲ್ಲ!” ಅವಳಿಗೆ ರೇಗಿತು. “ಅದೇ ಅಳತೆ, ಅದೇ ಮಗ್ಗು.”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಪೇಪರ್ ಕೆಳಗಿಟ್ಟರು. “ಇವತ್ತಿನ ಟೋಪಿ ಕೊಡು ಇಲ್ಲಿ.”

“ಅಪ್ಪಾ, ನೀವು ತಿನ್ನೋ ಹಾಗಿಲ್ಲ...”

“ಒಂದು ಚಿಟಿಕೆ ಕೊಡೇ.”

ಉಗುರಿನಷ್ಟು ತಿಂದರು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು.

“ಸಕ್ಕರೆ ಅರ್ಧ ಮಗ್ಗು.”

“ಸಾಧ್ಯವೇ ಇಲ್ಲ!”

“ಅಳೆದು ತೋರಿಸು.”

ಅವಳು ಮಗ್ಗು ಎತ್ತಿಕೊಂಡು ಸಕ್ಕರೆ ಸುರಿಯತೊಡಗಿದಳು. ದಿನವೂ ಮಾಡುವ ಕೆಲಸ, ಕೈ ತಾನಾಗಿ ನಡೆಯಿತು... ತಾನಾಗಿ ನಿಂತಿತು. ಮಗ್ಗಿನ ಅರ್ಧಕ್ಕೆ. ಅಲ್ಲೊಂದು ಕೆಂಪು ಅಂಗೈ ಅಡ್ಡ ಬಂದು ‘ಸಾಕು’ ಎಂದಿತ್ತು. ಅವಳು ಇಷ್ಟು ದಿನವೂ ಅದರ ಮಾತು ಕೇಳುತ್ತಾ ಬಂದಿದ್ದಳು. ತನ್ನ ಟೋಪಿ ತಾನು ತಿನ್ನದವಳಿಗೆ ಅದು ಗೊತ್ತಾಗುವುದಾದರೂ ಹೇಗೆ?

ಮಗ್ಗು ಮೇಜಿನ ಮೇಲಿಟ್ಟು ಮುಖ ಮುಚ್ಚಿಕೊಂಡಳು.

ಅಪ್ಪ ಕೆಮ್ಮಿದರು. ಮಾತು ಹೊರಡಿಸಲು ಅವರಿಗೆ ಮೂರು ಕೆಮ್ಮು ಬೇಕಾಯಿತು.

“ಮಗಳೇ... ಅವನು ನಂಗೆ ಹೇಳಿದ್ದ. ಎಲ್ಲಾನೂ. ಮೊದಲ ದಿನದಿಂದ.”

“ಏನು?”

“ವಾರ್ಡಲ್ಲಿ ನಾನೇ ಕೇಳ್ಕೊಂಡಿದ್ದು, ನಂಗೆ ಆಗೋ ಹಾಗೆ ಏನಾದ್ರೂ ಮಾಡಪ್ಪಾ ಅಂತ. ಕಾಳಾದ್ರೂ ಸರಿ, ಕಸವಾದ್ರೂ ಸರಿ. ಆದ್ರೆ ನಾನು ಕೇಳಿದೆ ಅಂತ ಮಗಳಿಗೆ ಹೇಳ್ಬೇಡ ಅಂದೆ. ಊರೆಲ್ಲ ಆ ಬೋರ್ಡು ಓದಿದ್ದಾರೆ. ಕಾಳಿನ ಕೇಕಿಗೆ ನಾಲಿಗೆ ಚಾಚಿದೆ ಅಂದ್ರೆ ಅದರ ಕೆಳಗೆ ಹೆಂಗೆ ಕೂರಲಿ ನಾನು?” ದನಿ ಇಳಿಯಿತು. “ಅವನಿನ್ನು ಬರಲ್ಲ ಅಂತ ನೀನಂದಾಗ ಕೆಲಸ ಜಾಸ್ತಿಯೇನೋ ಅಂದ್ಕೊಂಡೆ. ನಿಮ್ಮಿಬ್ಬರ ಜಗಳಕ್ಕೆ ನಾನೇ ಕಾರಣ ಅಂತ ಆಮೇಲೆ ಅನುಮಾನ ಬಂತು. ಹೇಳೋಕೆ ಬಾಯಿ ಬರಲಿಲ್ಲ.”

ಅತ್ತೆ ಗಲ್ಲಾಪೆಟ್ಟಿಗೆಯನ್ನು ಫಟ್ಟನೆ ಮುಚ್ಚಿದರು. “ಭೇಷ್ ಅಣ್ಣಾ! ನಿನ್ನ ಹಲಗೆ ಕಾಪಾಡೋಕೆ ಆ ಹುಡುಗ ಬೈಸ್ಕೊಂಡ. ನಿನ್ನ ಮಗಳು ಗುಬ್ಬಿ ಸಾಕಿದ್ಲು. ನೀನು ಪೇಪರ್ ಓದಿದೆ!” ಅವಳ ಕಡೆ ತಿರುಗಿದರು. “ಅಳ್ತಾ ನಿಂತ್ರೆ ಅವನಿಗೆ ಕೇಳ್ಸುತ್ತಾ? ಹೋಗೇ. ಬರಿಗೈಲಿ ಹೋಗ್ಬೇಡ.”

ಆ ಶಾಖೆಗೆ ಎರಡು ಬಸ್ಸು ಬದಲಿಸಬೇಕು. ಅಡುಗೆಮನೆಯ ಹಿಂಬಾಗಿಲಲ್ಲಿ ಅವನು ಕ್ಯಾರೆಟ್ಟಿನ ಮೂಟೆ ಇಳಿಸುತ್ತಿದ್ದ. ಸ್ವಲ್ಪ ಸೊರಗಿದ್ದ. ಬೆರಳು ಈಗ ಕಿತ್ತಳೆ ಬಣ್ಣ.

ಅವಳನ್ನು ನೋಡಿದ. ಡಬ್ಬವನ್ನು ನೋಡಿದ. ಮೂಟೆ ಕೈಜಾರಿತು.

“ಆ ಡಬ್ಬ...” ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. “ಒಳಗೆ ಹೋಗಲ್ಲ.”

“ಮೊದಲು ಒಳಗೇನಿದೆ ಕೇಳಿ.” ಬಸ್ಸಿನಲ್ಲಿ ಕಟ್ಟಿಕೊಂಡ ಮಾತುಗಳೆಲ್ಲ ಮರೆತುಹೋಗಿದ್ದವು. “ಕಾಳಿದೆ. ಬೀಟ್‌ರೂಟ್ ಇದೆ. ಕೋಕೋ, ಮೊಟ್ಟೆ, ಕಿತ್ತಳೆ ಸಿಪ್ಪೆ. ಸಕ್ಕರೆ ನೀವು ಸಾಕು ಅಂದಷ್ಟೇ. ನಾನೇ ಮಾಡಿದ್ದು, ಮೊದಲ ಸಲ. ಏನೂ ಮುಚ್ಚಿಟ್ಟಿಲ್ಲ. ಅಪ್ಪ ಎಲ್ಲ ಹೇಳಿದ್ರು... ನಾನು ಬೈದಿದ್ದು ತಪ್ಪು. ತುಂಬಾ ತಪ್ಪು.”

ಅವನು ಚೆಲ್ಲಿದ ಕ್ಯಾರೆಟ್ಟುಗಳನ್ನು ಮೂಟೆಗೆ ತುಂಬತೊಡಗಿದ.

“ನನಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು?”

“ಅವತ್ತು ಅವರು ನಗ್ತಿದ್ರು,” ಎಂದನವನು ಮೆಲ್ಲಗೆ. “ಮಾತು ಬೇರೆ ಕೊಟ್ಟಿದ್ದೆ. ನಿಮಗೊಂದು, ಅವರಿಗೊಂದು. ಎರಡೂ ಉಳಿಸೋಕೆ ಹೋಗಿ...”

“ನನ್ನಿಂದ ಮುಚ್ಚಿಟ್ಟಿದ್ದು ಅದೊಂದೇನಾ?”

ಒಳಗೆಲ್ಲೋ ಕುಕ್ಕರ್ ಕೂಗಿತು. ಅವನು ಕದಲಲಿಲ್ಲ.

“ಇನ್ನೊಂದಿತ್ತು.”

“ಈಗಲೇ ಹೇಳಿ. ತಿನ್ನೋ ಮೊದಲು ಹೇಳ್ಬೇಕು ಅಂತ ನಮ್ಮ ಷರತ್ತು.”

“ಆಸ್ಪತ್ರೆ ಓವನ್ನಲ್ಲಿ ಮೀನಿನ ವಾಸನೆ ಬರ್ತಿರಲಿಲ್ಲ,” ಎಂದ. “ಅವತ್ತು ನಿಮ್ಮ ಡಬ್ಬ ತಡೆದಾಗಿಂದ... ನಿಮ್ಮನ್ನ ನೋಡದೆ ನಂಗೆ ದಿನ ಹೋಗ್ತಿರಲಿಲ್ಲ. ಈಗಲೂ ಹೋಗ್ತಿಲ್ಲ.”

ಅವಳ ಕಣ್ಣಿಂದ ಒಂದು ಹನಿ ಡಬ್ಬದ ಮುಚ್ಚಳದ ಮೇಲೆ ಟಪ್ಪೆಂದಿತು. ಮುಚ್ಚಳ ತೆರೆದು ಟೋಪಿಯ ತುಂಡನ್ನು ಚಾಚಿದಳು. ಅವನು ಬಾಯಿಗಿಟ್ಟುಕೊಂಡ. ಅಗಿದ. ಮತ್ತೂ ಅಗಿದ.

“ಹೇಗಿದೆ? ಕಟ್ಟುಪಾಡು ಗೊತ್ತಲ್ಲ. ಮುಖ ನೋಡಿ ನಿಜ ಹೇಳ್ಬೇಕು.”

ಅವನು ಅವಳ ಮುಖ ನೋಡಿದ. ಇಷ್ಟು ದಿನದ್ದನ್ನೆಲ್ಲ ಸೇರಿಸಿ ನೋಡಿದ.

“ಕಾಳು ಸರಿಯಾಗಿ ನೆಂದಿಲ್ಲ. ಅರ್ಧ ಬೆಂದಿದೆ. ಬೀಟ್‌ರೂಟಲ್ಲಿ ಮಣ್ಣಿನ ವಾಸನೆ.” ಉಳಿದ ತುಂಡನ್ನೂ ಬಾಯಿಗೆ ಹಾಕಿಕೊಂಡ. “ಕೆಟ್ಟದಾಗಿದೆ. ತುಂಬಾ ಕೆಟ್ಟದಾಗಿದೆ.”

ಅಳುತ್ತಲೇ ಅವಳಿಗೆ ನಗು ಬಂತು.

“ಹಾಗಾದ್ರೆ ಒಳಗೆ ಬಿಡಿ.”

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಅವಳ ಕೈಹಿಡಿದು ಒಳಗೆ ಕರೆದುಕೊಂಡ.