ಸೀರೆ ಬಿಟ್ಟು ನೆಟ್ ಡಬ್ಬಿ ಕದ್ದವರು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸಿಂಚನ ಎಂಬಾಕೆ ದೊಡ್ಡಬಳ್ಳಾಪುರದ ಠಾಣೆಗೆ ಬಂದು, ಭಾನುವಾರ ಬಾಗಿಲು ಹಾಕಿದ್ದ ತಮ್ಮ ಸೀರೆ ಅಂಗಡಿಯಲ್ಲಿ ಕಳವಾಗಿದೆ ಎಂದು ದೂರು ಕೊಟ್ಟರು. ಇನ್‌ಸ್ಪೆಕ್ಟರ್ ಭೀಮರಾಜ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಅಕ್ಷತಳನ್ನು ಕರೆದುಕೊಂಡು ಸ್ಥಳಕ್ಕೆ ಹೋದರು.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಬೀರು ತುಂಬ ರೇಷ್ಮೆ ಸೀರೆಗಳು ಮಡಿಕೆ ಕೆಡದೆ ಇದ್ದವು. ಹೋಗಿದ್ದು ಗೋಡೆಯ ಮೇಲಿದ್ದ ವೈಫೈ ಡಬ್ಬಿ ಒಂದೇ.

"ಇದಕ್ಕೆ ಇಷ್ಟೊಂದು ಅಳ್ತೀರೇನಮ್ಮ? ಕಂಪನಿಯೋರು ಇನ್ನೊಂದು ಕೊಡ್ತಾರೆ," ಎಂದರು ಭೀಮರಾಜ್.

"ಹೊಸದ್ರಲ್ಲಿ ನಮ್ಮಂಗಡಿ ಮೇಲೆ ಬರುತ್ತಾ ಸಾರ್? ಫೋನಲ್ಲಿ ಸೀರೆ ಅಂತ ಹುಡುಕಿದ್ರೆ ನಮ್ದೇ ಮೊದ್ಲು ಬರೋದು ಆ ಡಬ್ಬಿಯಿಂದಾನೇ."

"ಹಂಗಂತ ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಡಬ್ಬಿ ಹಾಕಿಸಿದ್ಮೇಲೇ ಅಲ್ವಾ ಗಿರಾಕಿ ಹೆಚ್ಚಾಗಿದ್ದು?"

"ಈ ಮಾತು ಇನ್ಯಾರಿಗೆ ಗೊತ್ತು?"

"ನಮ್ಮಕ್ಕಂಗೆ, ಅಂದ್ರೆ ನನ್ನ ವಾರಗಿತ್ತಿ ಲಕ್ಷ್ಮೀದೇವಮ್ಮಂಗೆ. ಪಕ್ಕದ ಬೀದೀಲಿ ಅವರ್ದೂ ಸೀರೆ ಅಂಗಡಿ."

"ನಿಮ್ಮ ಬೀಗದ ಕೈ ಎಲ್ಲಿರುತ್ತೆ?"

ಸಿಂಚನ ಪಕ್ಕದ ಬೀದಿಯ ಕಡೆ ತಿರುಗಿ ನೋಡಿದರು. "ಮನೇಲಿ ಸಾರ್. ಇಬ್ರೂ ಒಂದೇ ಮನೇಲಿದೀವಿ."

ಹನ್ನೊಂದಕ್ಕೆ ಲಕ್ಷ್ಮೀದೇವಮ್ಮನ ಅಂಗಡಿ ಶೋಧನೆಯಾಯಿತು. ಹುಡುಕುವ ಕಷ್ಟವೇ ಇರಲಿಲ್ಲ. ದೇವರ ಪಟದ ಪಕ್ಕದಲ್ಲಿ ಡಬ್ಬಿ ಕೂತಿತ್ತು, ಮೇಲೊಂದು ತುಂಡು ಕನಕಾಂಬರ. ಕರೆಂಟು ಕೊಟ್ಟಿದ್ದರು. ಕೆಂಪು ದೀಪ ಮಿಣುಕುತ್ತಿತ್ತು.

"ಏನಮ್ಮ ಇದು?"

"ಕೆಲ್ಸಾನೇ ಮಾಡ್ತಿಲ್ಲ," ಎಂದುಬಿಟ್ಟರು ಆಕೆ. ಆಮೇಲೆ ಮುಖ ಕೆಂಪಾಯಿತು. "ಹೂಂ, ನಾನೇ ತಂದೆ. ಏನಿವಾಗ? ಸೀರೆ ಮಡಿಸೋದನ್ನೂ ಅವಳಿಗೆ ಕಲಿಸಿದೋಳು ನಾನು. ನೋಡಿ ಸಾರ್, ನೀವೇ ನೋಡಿ!" ತಮ್ಮ ಫೋನಿನಲ್ಲಿ ಹುಡುಕಿ ತೋರಿಸಿದರು. ಸಿಂಚನಳ ಅಂಗಡಿಯೇ ಮೊದಲು. "ಊರೆಲ್ಲ ಇದನ್ನೇ ನೋಡ್ತದೆ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆಕೆ ಕಟ್ ಮಾಡಿದರು.

"ಯಾರು?"

"ಯಾವ್ದೋ ಗೊತ್ತಿಲ್ಲದ ನಂಬರು. ದಿನಾ ಬರ್ತವೆ. ಎತ್ತಿದ್ರೆ ಬ್ಯಾಂಕಲ್ಲಿರೋದೆಲ್ಲ ಹೋಗ್ತದಂತೆ."

ಭೀಮರಾಜ್ ತಮ್ಮ ಫೋನಿನಲ್ಲೂ ಸೀರೆ ಎಂದು ಹುಡುಕಿದರು. ಅಕ್ಷತಳೂ ಹುಡುಕಿದಳು. ಎರಡರಲ್ಲೂ ಲಕ್ಷ್ಮೀದೇವಮ್ಮನ ಅಂಗಡಿಯೇ ಮೊದಲಿತ್ತು.

"ಸಿಂಚನ ಅಂಗಡಿನ ಎಷ್ಟೊತ್ತಿಗೊಂದ್ಸಲ ನೋಡ್ತೀರಮ್ಮ?"

"ಎದ್ದ ತಕ್ಷಣ ನೋಡ್ತೀನಿ. ಉಣ್ಣೋವಾಗ ನೋಡ್ತೀನಿ. ನಿದ್ದೆ ಬರ್ದಿದ್ರೆ..."

"ನೀವು ಅದನ್ನೇ ಒತ್ತಿ ಒತ್ತಿ ನೋಡಿದ್ದಕ್ಕೆ ನಿಮ್ಮ ಫೋನು ಅದನ್ನೇ ಮುಂದಿಡ್ತಿದೆ. ಬೇರೆಯೋರಿಗೆ ನೀವೇ ಮೊದ್ಲು ಕಣಮ್ಮ."

ಆಕೆ ನಂಬಲಿಲ್ಲ. ಆಕೆ ಕಟ್ ಮಾಡಿದ್ದ ನಂಬರಿಗೆ ಅಕ್ಷತ ತಿರುಗಿ ಫೋನ್ ಮಾಡಿಸಿ ಸ್ಪೀಕರಿಗೆ ಹಾಕಿದಳು. ನೆಲಮಂಗಲದ ಹೆಂಗಸು. ಹುಡುಕಿದಾಗ ಮೊದಲು ಕಂಡ ಅಂಗಡಿ ಎಂದು ಮಗಳ ಧಾರೆ ಸೀರೆಗೆ ಫೋನ್ ಮಾಡಿದ್ದರಂತೆ. "ಎಷ್ಟ್ ಸಲ ಮಾಡೋದ್ರಮ್ಮ? ಅಂಗಡಿ ಮುಚ್ಬಿಟ್ರೇನೋ ಅಂದ್ಕೊಂಡ್ವಿ!"

ಲಕ್ಷ್ಮೀದೇವಮ್ಮ ಫೋನಿನಲ್ಲಿ ತಾವು ಕಟ್ ಮಾಡಿದ್ದ ನಂಬರುಗಳನ್ನು ಒಂದೊಂದಾಗಿ ಎಣಿಸತೊಡಗಿದರು.

ಡಬ್ಬಿ ಜಪ್ತಾಯಿತು. ಮಧ್ಯಾಹ್ನ ಒಂದಕ್ಕೆ ಅಕ್ಷತ ಆಕೆಯನ್ನು ದಸ್ತಗಿರಿ ಮಾಡಿದಳು. ಕೇಸ್ ಡೈರಿಯಲ್ಲಿ ಕಳವಿನ ಕಾರಣ ಬರೆಯುವಾಗ ಭೀಮರಾಜ್ ಮೊದಲು 'ಲಾಭ' ಎಂದು ಬರೆದರು. ಅದನ್ನು ಹೊಡೆದುಹಾಕಿ 'ಹೊಟ್ಟೆಕಿಚ್ಚು' ಎಂದು ತಿದ್ದಿದರು.

ಜೀಪಿನಲ್ಲಿ ಆಕೆ ಅಕ್ಷತಳ ಕಡೆ ಬಾಗಿದರು.

"ನಿನ್ನ ಫೋನಲ್ಲಿ ಅವಳ್ದು ಎಲ್ಲೈತೆ ತಾಯಿ?"

"ಕೆಳಗಿದೆ ಅಮ್ಮ."

"ಎಷ್ಟು ಕೆಳಗೆ?"

ಅಕ್ಷತ ಬೆರಳಿನಿಂದ ತಳ್ಳುತ್ತಾ ಹೋದಳು. ಲಕ್ಷ್ಮೀದೇವಮ್ಮ ಕಣ್ಣು ಮಿಟುಕಿಸದೆ ನೋಡಿದರು. ಠಾಣೆ ಬಂದರೂ ಸಿಂಚನಳ ಹೆಸರು ಸಿಕ್ಕಿರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು, ಮದುವೆ ಮನೆ ಮುಂದೆ ಇಳಿಯುವವರ ಹಾಗೆ ಜೀಪಿನಿಂದ ಇಳಿದರು.