ಸಾಲಾಗಿ ನಿಂತ ಬೇವು

ಡ್ರೋನ್ ಗುಡ್ಡದ ಮೇಲೆ ಒಂದು ಸುತ್ತು ಹಾಕಿ ಇಳಿಯುವಷ್ಟರಲ್ಲಿ ‘ಹಸ್ತಶೋಧಕ’ ತನ್ನ ತೀರ್ಪು ಕೊಟ್ಟಾಗಿತ್ತು: ಇಲ್ಲಿನ ಬೇವು ಮನುಷ್ಯರು ನೆಟ್ಟಿದ್ದು. ಆ ಯಂತ್ರವನ್ನು ರೂಪಿಸಿದ ಡಾ. ನೀಲಗಂಗಾ ಎಂದಿನಂತೆ ಹಿಗ್ಗಬೇಕಿತ್ತು. ಯಾಕೋ ಹಿಗ್ಗಲಿಲ್ಲ.

ಯಂತ್ರದ ತರ್ಕ ಸರಳ. ಪ್ರತಿ ಮರದಿಂದ ನೆರೆಯ ಮರಗಳಿಗಿರುವ ದೂರವನ್ನೂ ದಿಕ್ಕನ್ನೂ ಅದು ಅಳೆಯುತ್ತದೆ. ಅಷ್ಟೇ ಮರಗಳನ್ನು ಮನಬಂದಂತೆ ಚೆಲ್ಲಿದ ಸಾವಿರಾರು ಕಾಲ್ಪನಿಕ ಕಾಡುಗಳ ಜೊತೆ ಹೋಲಿಸಿ ನೋಡುತ್ತದೆ. ನಿಜದ ಮರಗಳು ಅವೆಲ್ಲಕ್ಕಿಂತ ಶಿಸ್ತಾಗಿ ನಿಂತಿದ್ದರೆ ಅದು ಮನುಷ್ಯನ ಕೈಕೆಲಸ. ಹೊಸ ಕಾನೂನಿನಲ್ಲಿ ತಾನಾಗಿ ಬೆಳೆದ ಕಾಡಿಗೆ ರಕ್ಷಣೆಯುಂಟು, ನೆಟ್ಟ ತೋಪಿಗಿಲ್ಲ. ಕೊಪ್ಪಳದ ಆಚೆಯ ಈ ಗುಡ್ಡದಡಿ ಅದಿರಿತ್ತು. ಮರ ಕೊಯ್ಯುವವರು ಕೆಳಗೆ ಕಾದು ಕೂತಿದ್ದರು.

“ನಾವ್ಯಾರೂ ನೆಟ್ಟಿಲ್ರೀ ಅಕ್ಕಾರ,” ಎಂದಳು ಕುರಿ ಕಾಯುವ ಹುಲಿಗೆವ್ವ. “ಇದನ್ನ ಕಡದ್ರ ಬ್ಯಾಸಗ್ಯಾಗ ನನ್ನ ಕುರಿ ಎಲ್ಲಿ ನಿಲ್ಲಸ್ಲಿ?”

“ಇಷ್ಟು ನೆಟ್ಟಗ ಸಾಲು ತಾನಾಗೇ ಬರ್ತದೇನವ್ವಾ?” ನೀಲಗಂಗಾ ಕೇಳಿದಳು. ಕೇಳಿದ್ದು ಹುಲಿಗೆವ್ವನನ್ನೋ ತನ್ನನ್ನೋ ಅವಳಿಗೇ ತಿಳಿಯಲಿಲ್ಲ.

ಕೂತಲ್ಲಿ ಕೂರಲಾಗದೆ ಬೇವಿನ ಸಾಲಿನುದ್ದಕ್ಕೂ ನಡೆದಳು. ಪೊದೆಯೊಳಗೆ ಏನನ್ನೋ ಎಡವಿದಳು. ಮುರಿದ ಸಿಮೆಂಟ್ ಕಂಬ. ಅದರ ತುದಿಯಲ್ಲಿ ತಂತಿ ಕಟ್ಟುವ ಪಿಂಗಾಣಿ ಗುಂಡು. ಸ್ವಲ್ಪ ದೂರದಲ್ಲಿ ಇನ್ನೊಂದು. ಎಷ್ಟೋ ವರ್ಷಗಳ ಹಿಂದೆ, 2020ರ ದಶಕದಲ್ಲಿ, ಹಳೆಯ ಗಣಿಗೆ ಕರೆಂಟು ಹೋದ ದಾರಿ ಅದು. ತಂತಿಯ ಮೇಲೆ ಕೂತ ಹಕ್ಕಿಗಳು ಬೇವಿನ ಹಣ್ಣು ತಿಂದು ಬೀಜ ಉದುರಿಸಿದ್ದವು. ತಂತಿ ಹೋಗಿತ್ತು, ಮರಗಳು ಉಳಿದಿದ್ದವು. ಸಾಲು ಕಂಡರೆ ಮನುಷ್ಯನದೇ ಕೈ ಎಂದು ಯಂತ್ರಕ್ಕೆ ಕಲಿಸಿದವಳು ತಾನೇ.

“ವರದಿ ವಾಪಸ್ ತಗೋತೀನಿ,” ಎಂದು ಜೊತೆಗೆ ಬಂದಿದ್ದ ಅರಣ್ಯಾಧಿಕಾರಿ ಮೌಲಾಹುಸೇನರಿಗೆ ಹೇಳಿದಳು. “ಮಷೀನಿಗೆ ‘ಗೊತ್ತಿಲ್ಲ’ ಅನ್ನೂದನ್ನೂ ಕಲಸಬೇಕು.”

“ಗೊತ್ತಿಲ್ಲ ಅನ್ನಾಕ ನಾವೇ ಇದ್ವಲ್ರೀ ಮೇಡಂ,” ಅವರು ನಕ್ಕರು. “ಅದಕ್ಕಂತನೇ ಮಷೀನ್ ತಂದದ್ದು.” ಆದರೂ ಮರ ಕೊಯ್ಯುವವರನ್ನು ವಾಪಸು ಕಳಿಸಿದರು.

ಹುಲಿಗೆವ್ವ ಕುರಿಗಳನ್ನು ನೆರಳಿಗೆ ಅಟ್ಟಿದಳು. ನೀಲಗಂಗಾಳ ಚಡಪಡಿಕೆ ಮಾತ್ರ ಇಳಿಯಲಿಲ್ಲ. ಈ ಮೊದಲು ಯಂತ್ರ ‘ನೆಟ್ಟಿದ್ದು’ ಎಂದ ಗುಡ್ಡಗಳ ಗತಿಯೇನು? ಅವನ್ನೆಲ್ಲ ಮತ್ತೆ ಅಳೆಯಲೇಬೇಕೆಂದು ಆಗಲೇ ಜೀಪು ಹತ್ತಿದಳು.

ಮೊದಲ ಗುಡ್ಡದ ಮೇಲೆ ಡ್ರೋನ್ ಬಹಳ ಹೊತ್ತು ಸುತ್ತಿತು. ಪರದೆಯ ಮೇಲೆ ಯಾವ ಉತ್ತರವೂ ಮೂಡಲಿಲ್ಲ. ತಪ್ಪಾಗಿತ್ತೋ ಇಲ್ಲವೋ ಎಂದು ಅಳೆದು ನೋಡಲು ಅಲ್ಲಿ ಒಂದು ಮರವೂ ಇರಲಿಲ್ಲ.